ಕ್ಯಾಲೆಂಡರಿನ ಹಿಂಬದಿಯ ಚರಿತ್ರೆ

ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ನನಗೆ ಹಳೆಯ ಕಾಗದಗಳನ್ನು ಕಾಲಾನುಕ್ರಮದಲ್ಲಿ ಜೋಡಿಸುವುದು ನಿತ್ಯದ ಕೆಲಸ. ಕಳೆದ ಬೇಸಿಗೆಯಲ್ಲಿ ಕಂಪ್ಲಿಯಿಂದ ಬಂದ ದೊಡ್ಡಮ್ಮನ ಮಗಳು ಒಂದು ಪ್ಲಾಸ್ಟಿಕ್ ಚೀಲವನ್ನು ಮುಂದಿಟ್ಟಳು. “ತಮ್ಮಾ, ಹಳೇ ಕಾಗ್ದ ಓದೋನು ನೀನು. ಇವನ್ನೂ ಸಾಲಾಗಿ ಜೋಡ್ಸಿ ಕೊಡಪ್ಪಾ. ಬೆಂಗಳೂರಾಗೆ ಕೇಳ್ತಾರಂತೆ.”

ಅವಳ ಮಗನಿಗೆ ಐದು ವರ್ಷ. ಹೊಸಪೇಟೆ, ಸಂಡೂರು, ಬಳ್ಳಾರಿಯ ಚೀಟಿಗಳಿದ್ದವು. ಒಂದರಲ್ಲಿ ನಿಶ್ಶಕ್ತಿ, ಇನ್ನೊಂದರಲ್ಲಿ ಬರೀ ಟಾನಿಕ್ಕು. ದಿನಾಂಕದ ಪ್ರಕಾರ ಜೋಡಿಸಿದ ಮೇಲೆ ನನಗೆ ಹೊಳೆದದ್ದು ಇಷ್ಟು: ಒಬ್ಬೊಬ್ಬ ವೈದ್ಯರೂ ಮಗುವಿನ ಒಂದೊಂದು ದಿನ ನೋಡಿದ್ದರು, ಐದು ವರ್ಷ ನೋಡಿದವಳು ಅಕ್ಕ ಒಬ್ಬಳೇ. ಮಗ ಯಾವ ತಿಂಗಳು ಕೂತ, ಯಾವ ಹಬ್ಬದ ಹೊತ್ತಿಗೆ ಮೆಟ್ಟಿಲು ಹತ್ತಲಾರದೆ ಹೋದ ಎಂಬುದನ್ನೆಲ್ಲ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದಿಟ್ಟಿದ್ದಳು.

ಅಪರೂಪದ ಕಾಯಿಲೆಗಳ ಚರಿತ್ರೆಯಲ್ಲಿ ಇಂಥ ತಂದೆತಾಯಿಗಳದ್ದೇ ದೊಡ್ಡ ಪಾಲು. ಡಚ್ ವೈದ್ಯ ಪಾಂಪೆ 1932ರಲ್ಲಿ ವಿವರಿಸಿದ ಕಾಯಿಲೆಯಲ್ಲಿ ಒಂದು ಕಿಣ್ವದ ಕೊರತೆಯಿಂದ ಗ್ಲೈಕೋಜನ್ ಸ್ನಾಯುಗಳಲ್ಲೇ ಶೇಖರವಾಗಿ ಅವು ಸೋಲುತ್ತವೆ. ಅದಕ್ಕೆ ಔಷಧಿ ಬಂದದ್ದು 2006ರಲ್ಲಿ. ಬೆಂಗಳೂರಿನ ಪ್ರಸನ್ನ ಶಿರೋಳ ಅವರ ಮಗಳು ನಿಧಿಗೆ ಇದೇ ಕಾಯಿಲೆ. ಅದರ ಹೆಸರು ತಿಳಿಯುವುದಕ್ಕೇ ಆ ಕುಟುಂಬ ವರ್ಷಗಟ್ಟಲೆ ಅಲೆಯಿತು. ಮಗಳಿಗಾಗಿ ಓಡಾಡಿದ ತಂದೆ ಬೇರೆ ಮಕ್ಕಳ ತಂದೆತಾಯಿಗಳನ್ನೂ ಕೂಡಿಸಿಕೊಂಡು, ಮುಂದೆ ಅಪರೂಪದ ಕಾಯಿಲೆಗಳಿಗಾಗಿಯೇ ‘ಓಆರ್‌ಡಿಐ’ ಸಂಸ್ಥೆ ಕಟ್ಟಿದರು. ನಿಧಿ 2023ರಲ್ಲಿ ತೀರಿಕೊಂಡಳು. ತಂದೆಯ ಕೆಲಸ ನಿಲ್ಲಲಿಲ್ಲ.

ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಬಂದದ್ದು 2021ರಲ್ಲಿ. ಒಮ್ಮೆಯ ಚಿಕಿತ್ಸೆಯಿಂದ ವಾಸಿಯಾಗುವ ಗುಂಪಿನವರಿಗೆ ಮಾತ್ರ 20 ಲಕ್ಷ ರೂಪಾಯಿ ನೆರವೆಂದು ಅದರಲ್ಲಿತ್ತು. ಜೀವನಪೂರ್ತಿ ದುಬಾರಿ ಔಷಧಿ ಬೇಕಾದವರಿಗೆ ಸಾರ್ವಜನಿಕ ದೇಣಿಗೆಯೇ ದಾರಿ. 2022ರಲ್ಲಿ ಎಲ್ಲ ಗುಂಪಿಗೂ 50 ಲಕ್ಷದವರೆಗೆ ನೆರವು ಎಂದಾಯಿತು. ಆದರೆ ಪಾಂಪೆಯ ಔಷಧಿಯನ್ನು ಎರಡು ವಾರಕ್ಕೊಮ್ಮೆ, ದೇಹದ ತೂಕ ನೋಡಿ ಕೊಡಬೇಕು. ಮಗು ಬೆಳೆದಷ್ಟೂ ಖರ್ಚು ಬೆಳೆಯುತ್ತದೆ. ಮಗ ಮೈತುಂಬಿಕೊಂಡರೆ ಹೆತ್ತವರು ಹೆದರಬೇಕಾದ ಲೆಕ್ಕ ಇದು.

ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಮಾನವ ತಳಿವಿಜ್ಞಾನ ಕೇಂದ್ರಗಳು ಈ ನೀತಿಯಡಿ ಗುರುತಾದ ತಾಣ. ಅಕ್ಕನ ಮಗನಿಗೆ ಏನಾಗಿದೆ ಎಂದು ಇನ್ನೂ ಯಾರೂ ಹೇಳಿಲ್ಲ. ಅದನ್ನು ಕೇಳಲೆಂದೇ ಭಾವ ಮಗನನ್ನು ಹೆಗಲಿಗೇರಿಸಿಕೊಂಡು ಹೊಸಪೇಟೆ ನಿಲ್ದಾಣದಲ್ಲಿ ಹಂಪಿ ಎಕ್ಸ್‌ಪ್ರೆಸ್ಸಿಗೆ ಕಾಯುತ್ತಿದ್ದರು.

“ಆ ಕ್ಯಾಲೆಂಡರ್ ಹಾಳೆ ತೆಗೆದುಬಿಡ್ಲಾ? ಡಾಕ್ಟ್ರು ನಕ್ಕಾರು” ಎಂದಳು ಅಕ್ಕ.

ನಾನು ಫೈಲು ಬಿಚ್ಚಿ ಆ ಹಾಳೆಯನ್ನೇ ಎಲ್ಲಕ್ಕಿಂತ ಮೇಲಿಟ್ಟೆ.