ವಿಚಿತ್ರ ಡೆಕ್‌ಗಳ ಇತಿಹಾಸ: ಮುಮ್ಮಡಿಯವರ 360 ಎಲೆಯಿಂದ ಅಟ್ಲಾಂಟಾದ ಅಂಜುಬುರುಕ ಸಿಪಾಯಿವರೆಗೆ

ಇವತ್ತಿನ ಮಾತು ಇಸ್ಪೀಟ್ ಎಲೆಗಳ ಬಗ್ಗೆ. ಜೂಜಿನ ವಿಷಯ ಅಲ್ಲ, ಗಾಬರಿ ಬೇಡ. ಆಟ ಆಡೋಕೆ ಮುಂಚೆ, ಯಾವ ಎಲೆಗಳನ್ನು ಕಟ್ಟಿಗೆ ಸೇರಿಸಬೇಕು ಅಂತ ಕೂತು ಯೋಚನೆ ಮಾಡೋರ ಬಗ್ಗೆ.

ಎರಡು ಡೆಕ್‌ಗಳನ್ನು ನಿಮ್ಮ ಮುಂದೆ ಇಡ್ತೀನಿ. ಒಂದು 19ನೇ ಶತಮಾನದ ಮೈಸೂರು ಅರಮನೆಯದ್ದು. ಮುಮ್ಮಡಿ ಕೃಷ್ಣರಾಜ ಒಡೆಯರು ರೂಪಿಸಿದ ಆಟಗಳಲ್ಲಿ ಅತಿ ದೊಡ್ಡ ಕಟ್ಟಿಗೆ 360 ಎಲೆ. ಇನ್ನೊಂದು 1996ರಲ್ಲಿ ಅಮೆರಿಕದ ಅಟ್ಲಾಂಟಾದ ಒಂದು ಟೂರ್ನಿಗೆ ಪಾಲ್ ಸ್ಲೈ ಎಂಬ ಆಟಗಾರ ತಂದಿದ್ದು. ಬೇರೆಯವರು ಕಸದ ಡಬ್ಬಿಗೆ ಹಾಕುತ್ತಿದ್ದಂಥ ಎಲೆಗಳು ಅದರಲ್ಲಿದ್ದವು. ಎರಡನ್ನೂ ಮೊದಲ ಸಲ ನೋಡಿದವರ ಬಾಯಲ್ಲಿ ಬರೋದು ಒಂದೇ ಮಾತು: "ಇವರಿಗೇನಾಗಿದೆ?"

ಈ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕೋದು ಹೇಗೆ ಅನ್ನೋದೇ ಇವತ್ತಿನ ವಿಷಯ. ಯಾಕಂದ್ರೆ ಮುಮ್ಮಡಿಯವರ ಆಟಗಳನ್ನು "ಅಧಿಕಾರ ಕಳಕೊಂಡ ರಾಜನ ಹೊತ್ತುಗಳೆಯುವ ಹವ್ಯಾಸ" ಅಂತ ಒಂದೇ ಸಾಲಿನಲ್ಲಿ ತಳ್ಳಿಹಾಕೋದು ಬಹಳ ಸುಲಭ. ಆ ತೀರ್ಪು ನ್ಯಾಯವಾ?

ಎಲೆಯ ಬೆಲೆ ಎಲ್ಲಿರುತ್ತೆ?

ಮೊದಲು ನಾನಿರುವ ನಾಗಪುರದಿಂದಲೇ ಶುರು ಮಾಡೋಣ. ಇಲ್ಲಿ, ಅಷ್ಟೇ ಯಾಕೆ, ಇಡೀ ಮಹಾರಾಷ್ಟ್ರದಲ್ಲಿ ನಾಲ್ಕು ಜನ ಸೇರಿದರೆ ಆಡೋ ಆಟ ಮೆಂಡಿಕೋಟ್. ಇಬ್ಬಿಬ್ಬರ ಎರಡು ಜೋಡಿ, 52 ಎಲೆ, ತಲಾ 13. ಸುತ್ತು ಗೆಲ್ಲೋ ವಿಷಯಕ್ಕೆ ಬಂದರೆ ಎಕ್ಕವೇ ದೊಡ್ಡದು, ಆಮೇಲೆ ರಾಜ, ರಾಣಿ, ಗುಲಾಮ. ಆದರೆ ಆಟ ಗೆಲ್ಲೋಕೆ ಬೇಕಾಗಿರೋದು ನಾಲ್ಕು ಹತ್ತುಗಳು. ಹತ್ತನ್ನೇ ಇಲ್ಲಿ 'ಮೆಂಡಿ' ಅನ್ನೋದು. ಅಂದ್ರೆ ಎಕ್ಕಕ್ಕೆ ಬಲ ಇದೆ, ಹತ್ತಕ್ಕೆ ಬೆಲೆ ಇದೆ. ಬಲ ಬೇರೆ, ಬೆಲೆ ಬೇರೆ.

ಇದರಲ್ಲೇ 'ಕಟ್ ಹುಕುಮ್' ಅಂತ ಒಂದು ಬಗೆ ಇದೆ. ಮೊದಲಿಗೆ ತುರುಫು ಯಾವುದು ಅಂತ ನಿಗದಿ ಇರಲ್ಲ. ಇಳಿದಿರೋ ಪಂಗಡದ ಎಲೆ ಯಾರ ಕೈಯಲ್ಲಿ ಮೊದಲು ಇಲ್ಲವೋ, ಅವರು ಹಾಕುವ ಬೇರೆ ಪಂಗಡವೇ ತುರುಫು. ಕೈಯಲ್ಲಿ ಇಲ್ಲದಿರೋದೇ ಅಧಿಕಾರ ಕೊಡುತ್ತೆ! ಇದು ಗೊತ್ತಿಲ್ಲದವರು ಪಕ್ಕದಲ್ಲಿ ಕೂತು ನೋಡಿದರೆ, ಒಬ್ಬ ಆಟಗಾರ ಒಂದು ಪಂಗಡವನ್ನು ಬೇಗ ಬೇಗ ಖಾಲಿ ಮಾಡಿಕೊಳ್ಳೋದು ದಡ್ಡತನದ ಹಾಗೆ ಕಾಣುತ್ತೆ.

ಮೊದಲ ಪಾಠ ಇಷ್ಟು: ಎಲೆಯ ಬೆಲೆ ಎಲೆಯ ಮೇಲೆ ಅಚ್ಚಾಗಿರಲ್ಲ, ನಿಯಮದಲ್ಲಿರುತ್ತೆ.

ನಮ್ಮ ದೇಶದ ಹಳೆಯ ಎಲೆಯಾಟ ಗಂಜೀಫಾಗೆ ಈ ಮಾತು ಚೆನ್ನಾಗಿ ಗೊತ್ತಿತ್ತು. ಬಾಬರ್ ತನ್ನ ದಿನಚರಿಯಲ್ಲಿ, 1527ರಲ್ಲಿ, ಸಿಂಧ್‌ನ ಶಾ ಹಸನ್‌ಗೆ ಗಂಜೀಫಾ ಎಲೆ ಕಳಿಸಿದ್ದನ್ನು ಬರೆದಿದ್ದಾನೆ. ಮೊಘಲ್ ಗಂಜೀಫಾದಲ್ಲಿ 8 ಪಂಗಡ, ಪಂಗಡಕ್ಕೆ 12, ಒಟ್ಟು 96 ದುಂಡನೆಯ ಎಲೆ. ದಶಾವತಾರದ ಕಟ್ಟಿಗೆ 10 ಪಂಗಡ, 120 ಎಲೆ. ರಾಜ, ಮಂತ್ರಿ ಆದ ಮೇಲೆ ಅರ್ಧ ಪಂಗಡಗಳಲ್ಲಿ 10 ದೊಡ್ಡದು, ಉಳಿದರ್ಧದಲ್ಲಿ 1 ದೊಡ್ಡದು. ಇನ್ನೊಂದು ಚೆಂದದ ನಿಯಮ ನೋಡಿ: ದಶಾವತಾರದ ಆಟ ಹಗಲಲ್ಲಿ ಆಡಿದರೆ ರಾಮನಿಂದ ಶುರು, ರಾತ್ರಿ ಆಡಿದರೆ ಕೃಷ್ಣನಿಂದ. ಅದೇ ಎಲೆ, ಸೂರ್ಯ ಮುಳುಗಿದರೆ ಬೇರೆ ಮರ್ಯಾದೆ.

ಮೈಸೂರಿನ ಚದ್

ಈ ಪರಂಪರೆಯನ್ನೇ ಮುಮ್ಮಡಿ ಕೃಷ್ಣರಾಜ ಒಡೆಯರು ಕೈಗೆತ್ತಿಕೊಂಡರು. ಹಿನ್ನೆಲೆ ನಿಮಗೆ ಗೊತ್ತಿರಬಹುದು. 1799ರಲ್ಲಿ ಟಿಪ್ಪು ಸತ್ತ ಮೇಲೆ ಐದು ವರ್ಷದ ಮಗುವನ್ನು ಸಿಂಹಾಸನದ ಮೇಲೆ ಕೂರಿಸಿದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಅವರ ಕೈಯಿಂದ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅದು ವಾಪಸ್ ಬರಲಿಲ್ಲ. ಅರಮನೆ ಇತ್ತು, ದರ್ಬಾರು ಇತ್ತು, ಚಿತ್ರಕಾರರು, ಪಂಡಿತರು ಇದ್ದರು. ರಾಜ್ಯ ಮಾತ್ರ ಇರಲಿಲ್ಲ.

ಅವರ ಹೆಸರಿನಲ್ಲಿ ಬಂದ 'ಶ್ರೀತತ್ತ್ವನಿಧಿ' ಒಂಬತ್ತು ನಿಧಿಗಳ ಸಚಿತ್ರ ಮಹಾಗ್ರಂಥ. ದೇವತೆಗಳ ರೂಪ, ಬಣ್ಣ, ಆಯುಧ, ವಾಹನ ಎಲ್ಲದರ ಕೋಶ ಅದು. ಅದರ ಕೊನೆಯ ಭಾಗ ಕೌತುಕನಿಧಿ. ಎಲೆಯಾಟಗಳ ವಿವರ ಇರೋದು ಅಲ್ಲೇ. ಈ ಆಟಗಳಿಗೆ 'ಚದ್' ಅಂತ ಹೆಸರು. ಸಾಮಾನ್ಯವಾಗಿ ಒಂದು ಪಂಗಡಕ್ಕೆ 12 ಅಂಕಿ ಎಲೆ, ಅದರ ಮೇಲೆ 6 ಚಿತ್ರದ ಎಲೆ. ಕೆಲವು ಆಟಗಳಲ್ಲಿ ಪಂಗಡಗಳೇ 18ರವರೆಗೆ. ಜೊತೆಗೆ ಯಾವಾಗಲೂ ತುರುಫಾಗಿಯೇ ಇರುವ ಎಲೆಗಳು, ಯಾವ ಎಲೆಯ ಜಾಗದಲ್ಲಾದರೂ ನಿಲ್ಲಬಲ್ಲ ಜೋಕರ್‌ನಂಥ ಎಲೆಗಳು.

ನಾನು ಕೋಡ್ ಬರೆಯೋನು, ಲೆಕ್ಕ ಹಾಕದೆ ಇರೋಕಾಗಲ್ಲ. ಮೊಘಲ್ ಗಂಜೀಫಾ ಮೂವರು ಆಡೋ ಆಟ. ತಲಾ 32 ಎಲೆ. ಯಾವುದು ಬಿದ್ದಿದೆ, ಯಾವುದು ಬಾಕಿ ಇದೆ ಅಂತ ನೆನಪಿಡೋದೇ ಅದರ ಜಾಣತನ. ಅದೇ ರೀತಿ 360 ಎಲೆ ಮೂವರಿಗೆ ಹಂಚಿದರೆ ಒಬ್ಬೊಬ್ಬರಿಗೆ 120! ಕೈಯಲ್ಲಿ ಹಿಡಿಯೋಕಾಗಲ್ಲ, ತಲೆಯಲ್ಲಿ ಇಟ್ಟುಕೊಳ್ಳೋದಂತೂ ದೂರದ ಮಾತು. ಈ ಆಟಗಳು ಅರಮನೆಯ ಆಚೆ ಹರಡಲಿಲ್ಲ ಅನ್ನೋದರಲ್ಲಿ ಆಶ್ಚರ್ಯ ಇಲ್ಲ.

ಹಾಗಾದರೆ ಹವ್ಯಾಸ ಅನ್ನೋ ತೀರ್ಪೇ ಸರಿಯಾ? ಸ್ವಲ್ಪ ತಡೀರಿ. ವಿಚಿತ್ರ ಡೆಕ್‌ಗಳನ್ನು ಓದೋ ವಿದ್ಯೆ ಬೆಳೆದಿದ್ದು ಇದಾಗಿ ನೂರು ವರ್ಷಕ್ಕೂ ಹೆಚ್ಚು ಕಾಲದ ಮೇಲೆ, ಬೇರೆ ಕಡೆ. ಅದನ್ನು ಕಲಿತು ವಾಪಸ್ ಮೈಸೂರಿಗೆ ಬರೋಣ.

ಆಟಗಾರನೇ ಡೆಕ್ ಕಟ್ಟಿದಾಗ

1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಅನ್ನೋ ಗಣಿತಜ್ಞ 'ಮ್ಯಾಜಿಕ್: ದ ಗ್ಯಾದರಿಂಗ್' ಅನ್ನೋ ಆಟ ತಂದರು. ಅಲ್ಲಿಯವರೆಗೆ ಎಲೆಯಾಟ ಅಂದರೆ ಎಲ್ಲರಿಗೂ ಒಂದೇ ಕಟ್ಟು. ಇಲ್ಲಿ ಪ್ರತಿಯೊಬ್ಬರೂ ತಾವೇ ಕೊಂಡ, ಬದಲಾಯಿಸಿಕೊಂಡ ಎಲೆಗಳಿಂದ ಸ್ವಂತ ಡೆಕ್ ಕಟ್ಟಿಕೊಂಡು ಬರಬೇಕು. ಮುಮ್ಮಡಿಯವರಿಗೆ ಮಾತ್ರ ಇದ್ದ ಸ್ವಾತಂತ್ರ್ಯ ಈಗ ಅಂಗಡಿಗೆ ಹೋದ ಯಾವ ಹುಡುಗನಿಗೂ ಸಿಕ್ಕಿತು ಅನ್ನಿ.

ಮೊದಲ ನಿಯಮ ಸಡಿಲವಾಗಿತ್ತು: ಕನಿಷ್ಠ 40 ಎಲೆ, ಒಂದೇ ಎಲೆಯ ಪ್ರತಿ ಎಷ್ಟಾದರೂ ಇರಬಹುದು. ಜನ ಸುಮ್ಮನಿರ್ತಾರಾ? ಅತಿ ಬಲವಾದ ಎಲೆಯನ್ನೇ ರಾಶಿ ಹಾಕಿಕೊಂಡು ಬಂದರು. 1994ರ ಹೊತ್ತಿಗೆ ಟೂರ್ನಿಗಳಲ್ಲಿ ಕನಿಷ್ಠ 60 ಎಲೆ, ಒಂದೊಂದರದು ಗರಿಷ್ಠ 4 ಪ್ರತಿ ಅಂತ ಬಿಗಿಯಾಯಿತು. ಬೇಲಿ ಹಾಕಿದ ಮೇಲೆಯೇ ನೋಡಿ, ನಿಜವಾದ ಜಾಣತನ ಹೊರಬಂದಿದ್ದು. ಮೂರು ಉದಾಹರಣೆ ಕೊಡ್ತೀನಿ.

ಒಂದು, ಬ್ರಯಾನ್ ವೈಸ್‌ಮನ್ ಅವರ ಡೆಕ್. ಅದನ್ನು 'ದ ಡೆಕ್' ಅಂತಲೇ ಕರೀತಾರೆ. 90ರ ದಶಕದ ಮಧ್ಯದಲ್ಲಿ ಎಲ್ಲರೂ ದೊಡ್ಡ ದೊಡ್ಡ ಪ್ರಾಣಿಗಳ ಎಲೆ ತುಂಬಿಕೊಂಡು ಬರುವಾಗ, ಇವರ ಡೆಕ್‌ನಲ್ಲಿ ಗೆಲ್ಲಿಸುವ ಮುಖ್ಯ ಪ್ರಾಣಿ ಎರಡೇ ಎರಡು ಸೆರ್ರಾ ಏಂಜೆಲ್. ಉಳಿದಿದ್ದೆಲ್ಲ ತಡೆಯೋದು, ಅಳಿಸೋದು, ಇನ್ನಷ್ಟು ಎಲೆ ಎಳೆಯೋದು. ಎದುರಾಳಿಯ ಒಂದೆಲೆಗೆ ನಿಮ್ಮ ಒಂದೆಲೆ ಖರ್ಚಾಗಿ, ನಿಮಗೆ ಮಾತ್ರ ಹೆಚ್ಚಿಗೆ ಎಲೆ ಬರ್ತಾ ಇದ್ದರೆ ಕೊನೆಗೆ ಗೆಲ್ಲೋದು ಯಾವ ಎಲೆಯಿಂದ ಅನ್ನೋದು ಮುಖ್ಯವೇ ಅಲ್ಲ.

ಎರಡು, 1995ರ 'ನೆಕ್ರೋಪೊಟೆನ್ಸ್' ಅನ್ನೋ ಎಲೆ. ಅದನ್ನು ಇಳಿಸಿದರೆ ಪ್ರತಿ ಸರದಿಗೂ ಪುಕ್ಕಟೆ ಸಿಗುವ ಎಲೆ ನಿಂತುಹೋಗುತ್ತೆ. ಬದಲಿಗೆ ಒಂದು ಜೀವಾಂಕ ಕೊಟ್ಟರೆ ಒಂದು ಎಲೆ, ಸರದಿಯ ಕೊನೆಗೆ ಕೈ ಸೇರುತ್ತೆ. ಮೊದಮೊದಲು ಬಹಳ ಜನ ಮೂಗು ಮುರಿದರು. ಇರೋದೇ 20 ಜೀವಾಂಕ, ಅದನ್ನೂ ಯಾರು ಕೊಡ್ತಾರೆ ಅಂತ. ಆದರೆ ಸೋಲೋದು ಜೀವಾಂಕ ಸೊನ್ನೆಯಾದಾಗ. 20 ಇದ್ದರೂ ಒಂದೇ, 1 ಇದ್ದರೂ ಒಂದೇ, ನೀವಿನ್ನೂ ಆಟದಲ್ಲಿದ್ದೀರಿ. ನಡುವಿನ 19 ಖರ್ಚು ಮಾಡಬಹುದಾದ ದುಡ್ಡು! ಇದು ಅರ್ಥವಾದ ಮೇಲೆ 1996ರ ಬೇಸಿಗೆಯಲ್ಲಿ ಎಲ್ಲಿ ನೋಡಿದರೂ ಅದೇ ಡೆಕ್. ಆ ಕಾಲವನ್ನು ಆಟಗಾರರು ಇಂದಿಗೂ 'ಕಪ್ಪು ಬೇಸಿಗೆ' ಅಂತಾರೆ.

ಮೂರು, ಶುರುವಿನಲ್ಲಿ ಹೇಳಿದ ಪಾಲ್ ಸ್ಲೈ. ಡೆಕ್‌ನ ಯೋಜನೆ ಜೇ ಶ್ನೈಡರ್ ಅವರದ್ದು, ಹೆಸರು ಮಾತ್ರ ಆಡಿದವರದ್ದೇ ಉಳಿಯಿತು. ಅದರಲ್ಲಿ 'ಐರನ್‌ಕ್ಲಾ ಆರ್ಕ್ಸ್' ಅನ್ನೋ ಎಲೆ ಇತ್ತು. ಎರಡು ಮನಾ ಖರ್ಚಿಗೆ ಸಿಗುವ ಸಿಪಾಯಿ, ಬಲ ಎರಡು. ಆದರೆ ಅಂಜುಬುರುಕ. ಎದುರಿನ ಪ್ರಾಣಿಯ ಬಲ ಎರಡು ಅಥವಾ ಹೆಚ್ಚಿದ್ದರೆ ಅಡ್ಡ ನಿಲ್ಲೋದೇ ಇಲ್ಲ. ಇಂಥವನನ್ನು ಯಾರು ಸೇರಿಸಿಕೊಳ್ತಾರೆ? ಯಾವತ್ತೂ ಅಡ್ಡ ನಿಲ್ಲುವ ಯೋಚನೆಯೇ ಇಲ್ಲದವರು! ಮನಾ ಅನ್ನೋದು ಈ ಆಟದ ಇಂಧನ. ಸಾಮಾನ್ಯವಾಗಿ ಸರದಿಗೊಂದರಂತೆ ಏರುತ್ತೆ. ಮೊದಲ ಸರದಿಗೆ ಒಂದು, ಎರಡನೆಯದಕ್ಕೆ ಎರಡು, ಹೀಗೆ ಪ್ರತಿ ಸರದಿಯ ಇಂಧನವೂ ಪೂರ್ತಿ ಉರಿಯುವ ಹಾಗೆ ಅಗ್ಗದ ಎಲೆಗಳನ್ನು ಜೋಡಿಸಿದ್ದರು. ಎಲೆ ಒಂದೊಂದಾಗಿ ನೋಡಿದರೆ ಕಸ, ಸಾಲಾಗಿ ನೋಡಿದರೆ ರೈಲು. ಪಾಲ್ ಸ್ಲೈ ಆ ಟೂರ್ನಿಯಲ್ಲಿ ಎರಡನೆಯವರಾದರು. ವೇಗದ ಕೆಂಪು ಡೆಕ್‌ಗಳಿಗೆ 'ಸ್ಲೈ' ಅನ್ನೋದೇ ಹೆಸರಾಯಿತು.

ಎಲೆ ಹೆಚ್ಚಾದರೆ ನಷ್ಟ ಎಷ್ಟು?

ಈಗ ಮುಮ್ಮಡಿಯವರ ಕಡೆ ತಿರುಗೋ ಮೊದಲು ಡೆಕ್‌ನ ಗಾತ್ರದ ಪ್ರಶ್ನೆ. 60 ಎಲೆಯಲ್ಲಿ ನಿಮಗೆ ಬೇಕಾದ ಎಲೆ 4 ಪ್ರತಿ ಇದ್ದರೆ, ಮೊದಲ 7 ಎಲೆಯಲ್ಲಿ ಕನಿಷ್ಠ ಒಂದಾದರೂ ಬರುವ ಸಾಧ್ಯತೆ ಸುಮಾರು ಶೇ. 40. 61 ಎಲೆ ಮಾಡಿದರೆ ಶೇ. 39.4. ಕೂದಲೆಳೆಯ ವ್ಯತ್ಯಾಸ, ಆದರೆ ನಷ್ಟ ನಷ್ಟವೇ. 240 ಎಲೆ ಮಾಡಿದರೆ? ಶೇ. 11. ಅದಕ್ಕೇ ಗಂಭೀರ ಆಟಗಾರರು 60ಕ್ಕೇ ನಿಲ್ಲಿಸೋದು.

ಆದರೂ 240ರ ಆಸುಪಾಸು ಎಲೆ ಹಿಡಿದು ಟೂರ್ನಿಗೆ ಬಂದವರಿದ್ದಾರೆ. 2001ರಲ್ಲಿ 'ಬ್ಯಾಟಲ್ ಆಫ್ ವಿಟ್ಸ್' ಅನ್ನೋ ಎಲೆ ಬಂತು. ನಿಮ್ಮ ಸರದಿ ಶುರುವಾಗುವಾಗ ಇನ್ನೂ ಎಳೆಯದ ಎಲೆಗಳು 200 ಅಥವಾ ಹೆಚ್ಚಿದ್ದರೆ ನೀವೇ ಗೆದ್ದಿರಿ ಅನ್ನುತ್ತೆ ಅದು. ನಿಯಮದಲ್ಲಿ ಗರಿಷ್ಠ ಮಿತಿ ಇಲ್ಲ. ಬೇರೆಯವರ ಸಹಾಯವಿಲ್ಲದೆ ನಿಮ್ಮ ಕೈಯಲ್ಲೇ, ಹೆಚ್ಚು ಹೊತ್ತು ತಗೊಳ್ಳದೆ ಕಲಸೋಕೆ ಆಗಬೇಕು, ಅಷ್ಟೇ.

'ಯೂ-ಗಿ-ಓ' ಆಟದ ಕಥೆ ಇನ್ನೂ ಸೊಗಸು. ಅಲ್ಲಿ ಡೆಕ್ 40ರಿಂದ 60 ಎಲೆ. ಸಾಮಾನ್ಯವಾಗಿ ಜಾಣರು 40ರ ಹತ್ತಿರವೇ ಇರ್ತಾರೆ. 'ದಟ್ ಗ್ರಾಸ್ ಲುಕ್ಸ್ ಗ್ರೀನರ್' ಅನ್ನೋ ಎಲೆ ಏನು ಮಾಡುತ್ತೆ ಅಂದ್ರೆ, ನಿಮ್ಮ ಡೆಕ್ ಎದುರಾಳಿಯದಕ್ಕಿಂತ ದಪ್ಪ ಇದ್ದರೆ, ಎರಡೂ ಸಮ ಆಗುವಷ್ಟು ಎಲೆಯನ್ನು ನಿಮ್ಮ ಡೆಕ್‌ನ ಮೇಲಿಂದ ಸ್ಮಶಾನಕ್ಕೆ ಕಳಿಸುತ್ತೆ. ಸ್ಮಶಾನ ಅಂದರೆ ಬಳಸಿದ ಎಲೆಗಳ ರಾಶಿ. ಅಲ್ಲಿಂದಲೇ ಕೆಲಸ ಮಾಡೋ ಎಲೆಗಳು ಆ ಆಟದಲ್ಲಿ ಬೇಕಾದಷ್ಟಿವೆ. ಹಾಗಾಗಿ 60 ಎಲೆಯವರಿಗೆ ಒಂದೇ ಏಟಿಗೆ ಸುಮಾರು 20 ಎಲೆಯ ಲಾಭ. ಆದರೆ ಗಮನಿಸಿ, ಎದುರಾಳಿಯೂ 60 ಎಲೆ ತಂದರೆ ಲಾಭ ಸೊನ್ನೆ. ಎಲ್ಲರೂ ಮಾಮೂಲಿಯಾಗಿರೋದರಿಂದಲೇ ಈ ವಿಚಿತ್ರಕ್ಕೆ ಬೆಲೆ.

ಮತ್ತೆ ಮೈಸೂರಿಗೆ

ಇಷ್ಟರಿಂದ ಮೂರು ಪ್ರಶ್ನೆ ಸಿಗುತ್ತೆ. ವಿಚಿತ್ರ ಡೆಕ್ ಕಂಡಾಗ ಕೇಳಬೇಕು: ನಿಯಮ ಯಾವುದಕ್ಕೆ ಬೆಲೆ ಕೊಡುತ್ತೆ? ಎದುರಿಗಿರೋರು ಏನು ಹಿಡಿದಿದ್ದಾರೆ? ಈ ಡೆಕ್ ಗೆಲ್ಲೋಕೆ ಹೊರಟಿರೋದು ಏನನ್ನು?

ಮುಮ್ಮಡಿಯವರ 360 ಎಲೆಗೆ ಇವನ್ನು ಕೇಳಿ ನೋಡಿ. ನಿಯಮ ಬರೆದವರು ಅವರೇ. ಎದುರಿಗೆ ಬೇರೆ ಡೆಕ್ ಕಟ್ಟಿಕೊಂಡು ಬರೋರು ಯಾರೂ ಇಲ್ಲ. "ಸ್ವಾಮಿ, ಇದು ಕೈಯಲ್ಲಿ ಹಿಡಿಯೋಕಾಗಲ್ಲ" ಅಂತ ಸೋಲಿಸಿ ತೋರಿಸುವ ಎದುರಾಳಿ ಇಲ್ಲದ ಕಡೆ ಡೆಕ್ ಬೆಳೀತಾ ಹೋಗುತ್ತೆ. ಇದು ಅದರ ದೌರ್ಬಲ್ಯ, ಮುಚ್ಚಿಡೋದು ಬೇಡ. 60 ಎಲೆಯ ನಿಯಮ ತಿದ್ದಿ ತಿದ್ದಿ ಬಂದಿದ್ದು. ಚದ್‌ಗೆ ತಿದ್ದುವವರು ಸಿಗಲಿಲ್ಲ.

ಮೂರನೇ ಪ್ರಶ್ನೆಗೆ ಬಂದಾಗ ಚಿತ್ರ ಬದಲಾಗುತ್ತೆ. ಈ ಎಲೆಗಳ ವಿವರ ಇರೋದು ದೇವತಾರೂಪಗಳ ಕೋಶದ ಒಳಗೆ ಅನ್ನೋದನ್ನು ಮರೀಬೇಡಿ. ನವಗ್ರಹ, ದಿಕ್ಪಾಲಕ, ದಶಾವತಾರ: ಯಾರ ಬಣ್ಣ ಯಾವುದು, ಯಾರ ವಾಹನ ಯಾವುದು ಅಂತ ಗೊತ್ತಿಲ್ಲದೆ ಈ ಎಲೆಗಳನ್ನು ಗುರುತಿಸೋಕೇ ಆಗಲ್ಲ. ಆಡಬೇಕಾದರೆ ಕಲಿಯಲೇಬೇಕು. ಒಂದು ಗ್ರಂಥವನ್ನು ಕೈಯಲ್ಲಿ ಹಿಡಿಯುವ, ಹಂಚುವ, ಮತ್ತೆ ಮತ್ತೆ ನೋಡುವ ರೂಪಕ್ಕೆ ತಂದದ್ದು ಅಂತ ನಾನು ಇದನ್ನು ಓದ್ತೀನಿ. ಸುತ್ತು ಗೆಲ್ಲೋಕೆ 360 ಎಲೆ ಅತಿ. ಒಂದು ಲೋಕವನ್ನೇ ನೆನಪಿನಲ್ಲಿಡೋಕೆ ಅತಿ ಅಲ್ಲ. ರಾಜ್ಯ ಕೈಬಿಟ್ಟ ಮೇಲೆ ದೊರೆಯ ಹತ್ತಿರ ಉಳಿದಿದ್ದ ಬಂಡವಾಳ ಆ ಲೋಕವೇ: ಪಂಡಿತರ ಓದು, ಚಿತ್ರಕಾರರ ಕೈ. ಇರುವ ಎಲೆಯಿಂದ ಡೆಕ್ ಕಟ್ಟಿದರು.

ಫಲಿತಾಂಶವೂ ಹಾಗೇ ಬಂತು. ಯಂತ್ರದಲ್ಲಿ ಅಚ್ಚಾದ ಅಗ್ಗದ 52 ಎಲೆಯ ಕಟ್ಟು ಮನೆಮನೆಗೂ ಬಂದ ಮೇಲೆ, ಕೈಯಲ್ಲಿ ಬರೆದ ಗಂಜೀಫಾ ಆಟವಾಗಿ ಹೆಚ್ಚು ಕಡೆ ಉಳಿಯಲಿಲ್ಲ. ಚಿತ್ರವಾಗಿ ಉಳಿಯಿತು. ಮೈಸೂರು ಗಂಜೀಫಾ ಎಲೆಗಳಿಗೆ ಇವತ್ತು ಭೌಗೋಳಿಕ ಸೂಚಕ ಮಾನ್ಯತೆ ಇದೆ. ಗಂಜೀಫಾ ರಘುಪತಿ ಭಟ್ಟರಂಥ ಕಲಾವಿದರು ಆ ಕಲೆಯನ್ನು ಮತ್ತೆ ಜನರ ಕಣ್ಣಿಗೆ ತಂದಿದ್ದಾರೆ. ಆಡುವವರು ಬಹಳ ಕಡಿಮೆ, ನೋಡುವವರು ಇದ್ದಾರೆ. ಡೆಕ್ ಆಟ ಸೋತಿತು. ಯಾವುದನ್ನು ಉಳಿಸೋಕೆ ಹೊರಟಿತ್ತೋ ಅದನ್ನು ಉಳಿಸಿತು.

ಹಾಗಾಗಿ ಹವ್ಯಾಸ ಅನ್ನೋ ತೀರ್ಪು ಅರ್ಧ ಮಾತ್ರ ಸರಿ. ಐರನ್‌ಕ್ಲಾ ಆರ್ಕ್ಸ್ ಕಸ ಅನ್ನೋದು ಎಷ್ಟು ಸರಿಯೋ ಅಷ್ಟೇ. ಅಡ್ಡ ನಿಲ್ಲಿಸೋಕೆ ಹೋದರೆ ಕಸ ನಿಜ. ಅವನನ್ನು ಅಲ್ಲಿಗೆ ಕಳಿಸಿದ್ದು ಅದಕ್ಕಲ್ಲವಲ್ಲ.