ಚಕ್ರಕ್ಕೆ ತೊಡಿಸಿದ ಬಳೆ: ಕಾಶಿಯ ರಾಮನಗರದಿಂದ ಒಂದು ಮಾತು

ಇವತ್ತು ರಾಮನಗರಕ್ಕೆ ಹೋಗೋಣ. ನಮ್ಮ ರೇಷ್ಮೆ ರಾಮನಗರ ಅಲ್ಲ, ಕಾಶಿಯ ಎದುರು, ಗಂಗೆಯ ಆಚೆ ದಡದ್ದು. 18ನೇ ಶತಮಾನದಲ್ಲಿ ರಾಜಾ ಬಲವಂತ ಸಿಂಹ ಚುನಾರ್ ಕಲ್ಲಿನಲ್ಲಿ ಕಟ್ಟಿಸಿದ ಕೋಟೆ ಅಲ್ಲಿದೆ. (ರಾಮಲೀಲೆಗೆ ಬೇರೆ ಎಪಿಸೋಡೇ ಬೇಕು, ಇವತ್ತು ಬೇಡ.) ಕೋಟೆಯ ಮ್ಯೂಸಿಯಂನಲ್ಲಿ ಪಲ್ಲಕ್ಕಿ, ಅಂಬಾರಿ, ಕುದುರೆಗಾಡಿ, ಹಳೇ ಕಾರು ಎಲ್ಲಾ ಇವೆ. ಜನ ದಂತ, ಬೆಳ್ಳಿ ನೋಡ್ಕೊಂಡು ಮುಂದೆ ಹೋಗ್ತಾರೆ. ನನಗೆ ಮಾತಾಡಬೇಕು ಅನ್ಸೋದು ಗಾಡಿಚಕ್ರಕ್ಕೆ ತೊಡಿಸೋ ಕಬ್ಬಿಣದ ಬಳೆಯ ಬಗ್ಗೆ.

ಮರದ ಚಕ್ರ ಒಂದೇ ತುಂಡಲ್ಲ, ನೋಡಿ. ನಡುವೆ ಗುಂಭ, ಅದರಿಂದ ಹೊರಟ ಅರೆಕಾಲುಗಳು, ಸುತ್ತ ಬಾಗಿದ ತುಂಡುಗಳು. ಇಷ್ಟನ್ನೂ ಬಿಗಿಯಾಗಿ ಹಿಡಿಯೋದು ಆ ಬಳೆ. ಕಮ್ಮಾರ ಅದನ್ನ ಬೇಕಂತಲೇ ಚಕ್ರಕ್ಕಿಂತ ಸ್ವಲ್ಪ ಚಿಕ್ಕದಾಗಿ ಮಾಡ್ತಾನೆ. ಐದು ಅಡಿ ಚಕ್ರದ ಸುತ್ತಳತೆ ಸುಮಾರು 4.8 ಮೀಟರ್. ಬೆರಣಿ ಬೆಂಕಿಯಲ್ಲಿ 500 ಡಿಗ್ರಿಯಷ್ಟು ಕಾಯಿಸಿದರೆ ಕಬ್ಬಿಣ ಒಂದು ಇಂಚಿಗಿಂತ ತುಸು ಹೆಚ್ಚೇ ಹಿಗ್ಗುತ್ತೆ. ಇಕ್ಕಳದಲ್ಲಿ ಎತ್ತಿ ತೊಡಿಸಿ, ಮರ ಹೊಗೆಯಾಡೋ ಹೊತ್ತಿಗೆ ನೀರು ಸುರೀತಾರೆ. ಕಬ್ಬಿಣ ಕುಗ್ಗಿ ಪ್ರತಿ ಸಂದೂ ಕಚ್ಚಿಕೊಳ್ಳುತ್ತೆ. ಬಿಗಿ ಹೆಚ್ಚಾದ್ರೆ ಅರೆಕಾಲು ಬಾಗುತ್ತೆ. ಕಮ್ಮಿಯಾದ್ರೆ ಬೇಸಿಗೆಯಲ್ಲಿ ಮರ ಒಣಗಿ ಬಳೆ ಕಳಚುತ್ತೆ. ಅದಕ್ಕೇ ರೈತರು ಗಾಡೀನ ಕೆರೆಗೆ ಇಳಿಸಿ ಚಕ್ರ ನೆನೆಸ್ತಿದ್ರು. ಯಾವ ಅಳತೆಪುಸ್ತಕವೂ ಇಲ್ಲದೆ ಕಣ್ಣಂದಾಜಲ್ಲಿ ಇಷ್ಟು ಲೆಕ್ಕ! ರಾಜನ ಹೆಸರು ಗೋಡೆ ಮೇಲಿರುತ್ತೆ, ಈ ಕಮ್ಮಾರನದು ಎಲ್ಲೂ ಇರಲ್ಲ.

ಕನ್ನಡದಲ್ಲಿ ಈ ಪಟ್ಟಿಗೆ ಹಳಿ ಅಂತಾರೆ. ರೈಲು ಓಡೋ ಕಂಬಿಯೂ ಹಳಿಯೇ. ಚಕ್ರಕ್ಕೆ ಸುತ್ತಿದ್ದ ಕಬ್ಬಿಣವನ್ನ ಬಿಚ್ಚಿ ನೆಲಕ್ಕೆ ಹಾಸಿದ ಹಾಗಿದೆ, ಅಲ್ವಾ? ಕೈಗೆ ಬಂದರೆ ಬಳೆ, ಆಕಾಶ ಅಳೆಯೋಕೆ ಹೋದರೆ ವಲಯ. ನದಿಯ ಈಚೆ, ಮಾನಮಂದಿರದ ಮಾಳಿಗೆ ಮೇಲೆ ಸವಾಯಿ ಜೈಸಿಂಗನ ವೇಧಶಾಲೆಯ ಚಕ್ರಯಂತ್ರ ಇದೆ. ಅದೂ ಒಂದು ಲೋಹದ ಬಳೆಯೇ. ಭೂಮಿಯ ಅಕ್ಷಕ್ಕೆ ಸಮಾನಾಂತರವಾದ ಅಚ್ಚಿನ ಮೇಲೆ ತಿರುಗಿಸಿ ಗ್ರಹ-ನಕ್ಷತ್ರಗಳ ಕ್ರಾಂತಿ ನೋಡೋದಕ್ಕೆ.

1888ರಲ್ಲಿ ಬೆಲ್‌ಫಾಸ್ಟ್‌ನ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ತಗೊಂಡರು. ಆಮೇಲೆ ಎತ್ತಿನಗಾಡಿಗೂ ಟೈರು ಬಂತು. ಕಮ್ಮಾರನ ಬೆರಣಿ ಬೆಂಕಿ ಆರಿತು. ಹಳೇ ಟೈರು, ಸೈಕಲ್ ರಿಮ್ಮು ಮಕ್ಕಳ ಕೈಗೆ ಸಿಕ್ಕು ಕೋಲಿನ ಹಿಂದೆ ಓಡಿದವು.

ನಿಮ್ಮೂರಲ್ಲಿ ಆ ಕಬ್ಬಿಣದ ಪಟ್ಟಿಗೆ ಏನಂತಿದ್ರು? ಹಳಿಯೋ, ಪಟ್ಟಾನೋ, ಇನ್ನೇನೋ? ಹಿರಿಯರನ್ನ ಕೇಳಿ ತಿಳಿಸಿ.