ವೂ-ಟ್ಯಾಂಗ್ ಕ್ಲ್ಯಾನ್
ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ನ ಕಪ್ಪುವರ್ಣೀಯ ಯುವಕರು ಕಟ್ಟಿದ ರ‍್ಯಾಪ್ ತಂಡ. ಚೀನಾದ ವುಡಾಂಗ್ ಬೆಟ್ಟದ ಕತ್ತಿವರಸೆಯ ಪರಂಪರೆ ಹಾಂಗ್‌ಕಾಂಗ್ ಸಿನಿಮಾಗಳ ಮೂಲಕ ಇವರ ಹೆಸರಿಗೆ ಬಂತು. 1970ರ ದಶಕದಿಂದಲೂ ಮ್ಯಾನ್‌ಹಟನ್ನಿನ 42ನೇ ಬೀದಿಯ ಟಾಕೀಸುಗಳಲ್ಲಿ ಕುಂಗ್‌ಫು ಚಿತ್ರಗಳು ಓಡುತ್ತಿದ್ದವು. ತುಳಿತಕ್ಕೊಳಗಾದ ಬಡವ ಮೈ ದಂಡಿಸಿ ವಿದ್ಯೆ ಕಲಿತು ಎದುರು ನಿಲ್ಲುವ ಕಥೆಯಲ್ಲಿ ಅಲ್ಲಿನ ಕಪ್ಪುವರ್ಣೀಯ ಪ್ರೇಕ್ಷಕರು ತಮ್ಮನ್ನೇ ಕಂಡರು. ‘ಎಂಟರ್ ದ ಡ್ರ್ಯಾಗನ್’ನಲ್ಲಿ (1973) ಬ್ರೂಸ್ ಲೀ ಜೊತೆ ನಟಿಸಿದ ಕಪ್ಪುವರ್ಣೀಯ ಕರಾಟೆಪಟು ಜಿಮ್ ಕೆಲ್ಲಿ ಈ ನಂಟಿನ ಮೊದಲ ತಾರೆ ಎನ್ನಬೇಕು. ತಂಡದ ಸೂತ್ರಧಾರ ರಿಝಾ ಈ ಚಿತ್ರಗಳನ್ನು ನೋಡಿಯೇ ಬೆಳೆದವರು. 1993ರ ಮೊದಲ ಆಲ್ಬಮ್ಮಿನ ಹೆಸರು ‘ದ 36ತ್ ಚೇಂಬರ್ ಆಫ್ ಶಾವೊಲಿನ್’ (1978) ಚಿತ್ರವನ್ನು ನೆನೆಯುತ್ತದೆ. ಅದರ ಮೊದಲ ಹಾಡು ತೆರೆದುಕೊಳ್ಳುವುದೇ ಕುಂಗ್‌ಫು ಚಿತ್ರವೊಂದರ ಸಂಭಾಷಣೆಯಿಂದ. ಮಾತು ಮುಗಿಯುತ್ತಿದ್ದಂತೆ ಡ್ರಮ್ಮಿನ ಏಟು ಬೀಳುತ್ತದೆ. ತಮ್ಮ ಊರಿಗೆ ಇವರಿಟ್ಟ ಹೆಸರೂ ಆ ಚಿತ್ರಗಳ ಕುಂಗ್‌ಫು ಮಠದ್ದೇ: ಶಾವೊಲಿನ್.